ಹ್ಯಾಟನ್ನಿನಲ್ಲಿ ತಣ್ಣೀರಿನ ಪಾಠ

ಮೂಡಿಗೆರೆ

ನಾನು ವಿದೇಶಕ್ಕೆ ಹೋಗಿ ಬಂದೆ ಎಂದರೆ ವಸ್ತಾರೆಯ ನಮ್ಮ ನೆಂಟರು ಒಪ್ಪುವುದಿಲ್ಲ. ಅವರ ಪ್ರಕಾರ ವಿದೇಶವೆಂದರೆ ವಿಮಾನದಲ್ಲಿ ಒಂದು ನಿದ್ದೆಯಾದರೂ ಆಗಬೇಕು. ಬೆಂಗಳೂರಿನಿಂದ ಕೊಲಂಬೊ ತಲುಪುವಷ್ಟರಲ್ಲಿ ಕೊಟ್ಟ ಸ್ಯಾಂಡ್‌ವಿಚ್ಚಿನ ಕಾಗದ ಬಿಡಿಸಿ ತಿಂದು ಮುಗಿಸುವುದೇ ಕಷ್ಟ. ನಮ್ಮೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ಹೊತ್ತಿನಲ್ಲಿ ಕೊಲಂಬೊ ಸೇರಿ, ಮರೆತ ಸ್ವೆಟರಿಗೆಂದು ವಾಪಸ್ ಬಂದು, ಮತ್ತೆ ಹೋಗಬಹುದು. "ಶ್ರೀಲಂಕಾ ಅಂದ್ರೆ ರಾಮೇಶ್ವರದ ಪಕ್ಕದ್ಮನೆ ತಾನೇ" ಎಂದು ದೊಡ್ಡಮ್ಮ ತಳ್ಳಿಹಾಕಿದರು. ನಮ್ಮ ಮನೆಯವರ ಚಿಂತೆ ಬೇರೆ. "ಕಾಫಿ ತೋಟದವ್ಳು ಟೀ ತೋಟಕ್ಕೆ ಹೋಗ್ತಿದೀಯ. ಅವ್ರ ಟೀ ಚೆನ್ನಾಗಿದೆ ಅಂತ ಮಾತ್ರ ಒಪ್ಕೊಂಡು ಬರ್ಬೇಡ ಮಾರಾಯ್ತಿ" ಎಂದರು.

ಹೊರಡುವಾಗ ಇಷ್ಟು ನಗೆಯಿತ್ತು ಎಂದು ತಿಳಿಯಲಿ ಎಂದೇ ಇದನ್ನು ಬರೆದೆ. ಮುಂದೆ ಅಷ್ಟಾಗಿ ಇಲ್ಲ.

ನಾನು ಮೂಡಿಗೆರೆಯ ಒಂದು ಸಣ್ಣ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಈಚಿನ ಕೆಲವು ವರ್ಷಗಳಿಂದ ನಾವು ಡಿ.ಬಿ.ಟಿ. ಎಂಬ ಪದ್ಧತಿ ಹಿಡಿದಿದ್ದೇವೆ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬುದು ಪೂರ್ತಿ ಹೆಸರು. ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ. ತಿರುಳು ಇಷ್ಟೇ. ದುಃಖವೋ ಸಿಟ್ಟೋ ಉಕ್ಕಿದಾಗ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವವರು, ಸಾಯುವ ಯೋಚನೆ ಬರುವವರು ಇರುತ್ತಾರೆ. ಆ ಕೆಟ್ಟ ಹೊತ್ತನ್ನು ದಾಟುವ ಕೌಶಲಗಳನ್ನು ಅವರಿಗೆ ಅಡುಗೆ ಹೇಳಿಕೊಟ್ಟ ಹಾಗೆ ಒಂದೊಂದಾಗಿ ಹೇಳಿಕೊಡುತ್ತೇವೆ. ಗುಂಪಿನಲ್ಲಿ ಕೂರಿಸಿ ಕಲಿಸುತ್ತೇವೆ, ಹೋಂವರ್ಕ್ ಕೊಡುತ್ತೇವೆ, ಮುಂದಿನ ವಾರ ಮಾಡಿದಿರಾ ಎಂದು ಕೇಳುತ್ತೇವೆ. ನಾನು ಇದನ್ನು ಕಂಪ್ಯೂಟರಿನ ಪರದೆಯಲ್ಲಿ ನೋಡಿ ಕಲಿತಿದ್ದೆ. ಈಗ ಕಳಸ, ಬಾಳೂರು ಕಡೆಗೆ ಬರುವ ಹೊಸ ಸಮಾಲೋಚಕರಿಗೆ ಇದನ್ನು ಕಲಿಸುವವಳಾಗಬೇಕಿತ್ತು. ಅದಕ್ಕೆ ಬೇಕಾದ ತರಬೇತಿ ನಡೆಯುತ್ತಿದ್ದದ್ದು ಶ್ರೀಲಂಕಾದ ಟೀ ಗುಡ್ಡಗಳ ನಡುವಿನ ಹ್ಯಾಟನ್ ಎಂಬ ಊರಿನಲ್ಲಿ.

ನಮ್ಮ ಗುಂಪು ಸೇರುವುದು ಸಂತೆಯ ದಿನ. ಅಂದು ತೋಟಗಳಿಗೆ ರಜೆ, ಸಂತೆಗೆಂದು ಜೀಪು ಬರುತ್ತದೆ, ಹೆಂಗಸರು ಊರಿಗೆ ಬರಲು ಕಾರಣ ಹುಡುಕಬೇಕಾಗಿಲ್ಲ. ಬಾಳೂರು ಕಡೆಯ ಒಂದು ಎಸ್ಟೇಟಿನ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಐದಾರು ಹೆಂಗಸರು ಬರುತ್ತಿದ್ದರು. ಅವರಲ್ಲಿ ಒಬ್ಬಳು ಪ್ರೇಮ. ಇದು ನಾನಿಟ್ಟ ಹೆಸರು. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಅವಳು ಮೈಗೆ ಗಾಯ ಮಾಡಿಕೊಳ್ಳತೊಡಗಿದ್ದಳು. ಗಂಡ ರಮೇಶ ಎಸ್ಟೇಟಿನ ಜೀಪು ಓಡಿಸುತ್ತಾನೆ, ಮಾತು ಕಡಿಮೆ. ಅವಳನ್ನು ನಮ್ಮಲ್ಲಿಗೆ ಕರೆತಂದವರು ಅತ್ತೆ ಗಿರಿಜಮ್ಮ. ಲೈನಿನಲ್ಲಿ ಗಿರಿಜಮ್ಮನ ಮಾತಿಗೆ ಬೆಲೆಯಿದೆ. "ಕೂತು ಮಾತಾಡೋದ್ರಲ್ಲಿ ಎಂತ ನಷ್ಟ" ಎಂದು ಉಳಿದವರನ್ನು ಜೀಪು ಹತ್ತಿಸಿದವರೂ ಅವರೇ. ಗುಂಪಿಗೆ ಬರತೊಡಗಿದ ಮೇಲೆ ಪ್ರೇಮ ಗಾಯ ಮಾಡಿಕೊಂಡಿರಲಿಲ್ಲ. ಈ ಹುಡುಗಿ ಉಳಿಯುತ್ತಾಳೆ ಎಂಬ ನಂಬಿಕೆ ನನಗೆ ಆಗಷ್ಟೇ ಬರುತ್ತಿತ್ತು. ಆ ನಂಬಿಕೆಗೆ ಸಂತೆಯ ದಿನದ ಆ ಗುಂಪು ಬಿಟ್ಟು ಬೇರೆ ಆಧಾರವಿರಲಿಲ್ಲ.

ಹೊರಡುವ ಹಿಂದಿನ ಸಂತೆಯಲ್ಲಿ ನಾನು ತಣ್ಣೀರಿನ ಕೌಶಲ ಹೇಳಿಕೊಟ್ಟೆ. ಮನಸ್ಸು ಹಿಡಿತ ತಪ್ಪಿದಾಗ ಅಗಲವಾದ ಪಾತ್ರೆಯಲ್ಲಿ ತಣ್ಣೀರು ತುಂಬಿಸಿ, ಉಸಿರು ಬಿಗಿಹಿಡಿದು, ಸ್ವಲ್ಪ ಹೊತ್ತು ಮುಖ ಮುಳುಗಿಸಬೇಕು. ಎದೆಬಡಿತ ಇಳಿಯುತ್ತದೆ, ಅದರ ಹಿಂದೆಯೇ ಒಳಗಿನ ಉರಿಯೂ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಇದು ಬೇಡ ಎಂದು ಒಬ್ಬೊಬ್ಬರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. "ಮಾಡ್ತೀನಿ ಮೇಡಂ, ನೀವು ಹುಷಾರಾಗಿ ಹೋಗಿ ಬನ್ನಿ" ಎಂದಳು ಪ್ರೇಮ.

ಕೊಲಂಬೊ

ನನ್ನ ಪೆಟ್ಟಿಗೆಯೊಳಗೆ ಕಾಫಿಪುಡಿಯ ಪೊಟ್ಟಣ ಒಡೆದಿತ್ತು. ಸೀರೆಯ ನೆರಿಗೆ, ಸ್ವೆಟರಿನ ತೋಳು, ಹಲ್ಲುಜ್ಜುವ ಬ್ರಷ್ಷು ಎಲ್ಲದಕ್ಕೂ ಪುಡಿ. ಕಸ್ಟಮ್ಸಿನ ಹೆಣ್ಣುಮಗಳು ಪೆಟ್ಟಿಗೆ ತೆರೆದವಳೇ ಮೂರು ಸಲ ಸೀನಿದಳು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕಾಫಿ ಎಂದೆ. "ನಮ್ಮ ದೇಶಕ್ಕೆ?" ಎಂದು ನನ್ನನ್ನೇ ನೋಡಿದಳು. ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಬಂದವರನ್ನು ನೋಡುವ ನೋಟ ಅದು. ಆಮೇಲೆ ಕನಿಕರದಿಂದ ತಾನೇ ಪೆಟ್ಟಿಗೆ ಮುಚ್ಚಿ ಕೊಟ್ಟಳು. ಆ ವಾರವೆಲ್ಲ ಟೀ ಗುಡ್ಡದಲ್ಲಿ ಕಾಫಿಯ ವಾಸನೆ ಹೊತ್ತು ತಿರುಗಿದವಳು ನಾನೊಬ್ಬಳೇ ಇರಬೇಕು.

ಹ್ಯಾಟನ್ ರೈಲಿನಲ್ಲಿ ಸಿಗಡಿ ವಡೆ ಮಾರುವವರು ಹತ್ತಿದರು. ನಾನು ಬೇಳೆಯದು ಕೇಳಿ ತೆಗೆದುಕೊಂಡೆ. ವಡೆ ಸುತ್ತಿದ ಕಾಗದ ಯಾವುದೋ ಶಾಲೆಯ ಮಗುವಿನ ನೋಟ್‌ಬುಕ್ಕಿನ ಹಾಳೆ. ಭಾಗಾಕಾರ ತಪ್ಪಾಗಿ, ಕೆಂಪು ಮಸಿಯ ಗೆರೆ ಬಿದ್ದಿತ್ತು. ಎದುರಿನ ಅಜ್ಜ ಫ್ಲಾಸ್ಕಿನಿಂದ ಸಕ್ಕರೆಯಿಲ್ಲದ ಕಪ್ಪು ಟೀ ಬಗ್ಗಿಸಿಕೊಂಡು, ಅಂಗೈಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ಒಂದು ಗುಟುಕು, ಒಂದು ಕಡಿತ ಎಂದು ಕುಡಿದರು. ನನಗೂ ಕೊಟ್ಟರು. ಚೆನ್ನಾಗಿತ್ತು. ಮನೆಯವರಿಗೆ ಇದನ್ನು ಇನ್ನೂ ಹೇಳಿಲ್ಲ.

ಗುಡ್ಡ ಹತ್ತತೊಡಗಿದ ಮೇಲೆ ಮನಸ್ಸಿಗೆ ಏನೋ ಮಂಕು ಕವಿಯಿತು. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುತ್ತದೆ. ಸಿಲ್ವರ್ ಓಕು, ಹಲಸು, ಅತ್ತಿ, ಅವುಗಳ ಅಡಿಯಲ್ಲಿ ಗಿಡ. ಲೈನುಗಳೂ ಆ ನೆರಳಿನಲ್ಲೇ ಎಲ್ಲೋ ಅಡಗಿರುತ್ತವೆ. ಚಿಕ್ಕಮಗಳೂರಿಗೆ ಬರುವ ಪ್ರವಾಸಿಗೆ ಹೋಂಸ್ಟೇ ಬೋರ್ಡು ಕಾಣುತ್ತದೆ, ಲೈನು ಕಾಣುವುದಿಲ್ಲ. ಟೀ ಗುಡ್ಡಕ್ಕೆ ಮರೆಯಿಲ್ಲ. ಕತ್ತರಿಸಿ ಸಮ ಮಾಡಿದ ಹಸಿರಿನ ನಡುವೆ ತಗಡಿನ ಮಾಡು, ಒಣಹಾಕಿದ ಬಟ್ಟೆ, ಬಾಗಿಲಲ್ಲಿ ಕುಳಿತ ಮುದುಕಿ ಎಲ್ಲ ರೈಲಿಗೆ ಕಾಣುತ್ತದೆ. ಅಲ್ಲಿಯೂ ಅದನ್ನು ಲೈನ್ ಎಂದೇ ಕರೆಯುತ್ತಾರೆ. ಒಂದೇ ದೊರೆಗಳು ಎರಡೂ ಕಡೆ ಒಂದೇ ಅಳತೆಯ ಕೋಣೆ ಕಟ್ಟಿಸಿ, ಒಂದೇ ಹೆಸರಿಟ್ಟು ಹೋದ ಹಾಗಿದೆ.

ಹೀಗೆ ಯೋಚಿಸುತ್ತ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಹ್ಯಾಟನ್ ಹಿಂದೆ ಹೋಗಿ, ಸುರಂಗವೂ ದಾಟಿ, ಕೊಟಗಲ ಎಂಬ ನಿಲ್ದಾಣ ಬಂದಿತ್ತು. ಪೆಟ್ಟಿಗೆ ಎಳೆದುಕೊಂಡು ಇಳಿದೆ. ಅಲ್ಲಿ ಸಿಕ್ಕ ಆಟೋದವನು ದಾರಿಯುದ್ದಕ್ಕೂ ಸೀನುತ್ತಲೇ ನನ್ನನ್ನು ವಾಪಸ್ ಹ್ಯಾಟನ್‌ಗೆ ತಂದು ಬಿಟ್ಟ.

ಹ್ಯಾಟನ್

ತರಬೇತಿ ಇದ್ದದ್ದು ಒಂದು ಹಳೆಯ ಟೀ ಗೋದಾಮಿನ ಮಹಡಿಯಲ್ಲಿ. ಕಲಿಸುವವರು ಮಾಲಿನಿ, ಕ್ಯಾಂಡಿಯವರು, ವಯಸ್ಸಾದವರು. ನರೆತ ಕೂದಲು, ಕಾಲಿಗೆ ಗಂಡಸರ ಶೂ. ನನ್ನ ಕೋಣೆಯ ಜೊತೆಗಾತಿ ಸೆಲ್ವಿ, ಪಕ್ಕದ ಎಸ್ಟೇಟುಗಳಲ್ಲಿ ಕೆಲಸ ಮಾಡುವ ಸಮಾಲೋಚಕಿ. ಅವಳು ಟೀ ಲೈನಿನಲ್ಲೇ ಹುಟ್ಟಿದವಳು. ನಮ್ಮ ತೋಟಕ್ಕೆ ತಮಿಳು ಕೂಲಿಯವರು ಬರುತ್ತಿದ್ದುದರಿಂದ ನನಗೆ ತಮಿಳು ಬರುತ್ತದೆ. ನನ್ನ ತಮಿಳು ಕೇಳಿ ಅವಳಿಗೆ ನಗು. "ಅಕ್ಕ, ನೀವು ಮಾತಾಡಿದ್ರೆ ಕೂಲಿ ಹೆಂಗಸ್ರನ್ನ ಕರೆದ ಹಾಗೇ ಇರುತ್ತೆ" ಎಂದಳು. ನಾನು ತಮಿಳು ಕಲಿತದ್ದು ಅದಕ್ಕಾಗಿಯೇ.

ಮೊದಲ ಬೆಳಿಗ್ಗೆ ಮಾಲಿನಿ ಎಲ್ಲರ ಕೈಗೂ ಒಂದೊಂದು ಟೀ ಎಲೆ ಕೊಟ್ಟರು. ಹಿಂದೆಂದೂ ನೋಡಿಲ್ಲ ಎಂಬಂತೆ ನೋಡಿ, ಮನಸ್ಸು ಬೇರೆ ಕಡೆ ಹೋದರೆ ಮೆಲ್ಲಗೆ ಎಲೆಗೆ ವಾಪಸ್ ತನ್ನಿ ಎಂದರು. ಗಮನವನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವದು, ಎಲ್ಲ ಕೌಶಲಗಳಿಗೂ ಅದೇ ತಳಪಾಯ. ಸೆಲ್ವಿ ನನ್ನ ಕಿವಿಯ ಬಳಿ, "ನಮ್ಮಮ್ಮ ಒಂದೆಲೆನ ಇಷ್ಟೊತ್ತು ನೋಡಿದ್ರೆ ಕಂಗಾಣಿ ಅವತ್ತಿನ ಕೂಲಿ ಕತ್ತರಿಸ್ತಿದ್ದ" ಎಂದಳು. ನಮ್ಮ ಮೇಸ್ತ್ರಿಯೇ ಅಲ್ಲಿ ಕಂಗಾಣಿ.

ಮಾಲಿನಿಯ ಪಾಠದ ರೀತಿ ನನಗೆ ಹೊಸದು. ಕೌಶಲಗಳ ಬಗ್ಗೆ ಅವರು ಭಾಷಣ ಮಾಡಲಿಲ್ಲ, ನಮ್ಮಿಂದ ಪಾಠ ಮಾಡಿಸಿದರು. ಒಬ್ಬರು ಕಲಿಸಬೇಕು, ಉಳಿದವರು ತಮ್ಮ ಅತಿ ಕಷ್ಟದ ಕ್ಲೈಂಟ್‌ಗಳಂತೆ ಕೂರಬೇಕು. ಕಿಟಕಿ ನೋಡುವವಳು, ಅಳುವವಳು, ಎಲ್ಲಕ್ಕೂ ಹೂಂ ಎನ್ನುವವಳು. ಪಾಠ ಮುಗಿದ ಮೇಲೆ ಅವರದು ಒಂದೇ ಬಗೆಯ ಟೀಕೆ: "ನೀನು ಕೌಶಲವನ್ನು ಚೆನ್ನಾಗಿ ವರ್ಣಿಸಿದೆ. ಅವಳು ಅದನ್ನು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಕಣ್ಣೆದುರು ಮಾಡುತ್ತಾಳೆ ಎಂದು ಕೇಳಲಿಲ್ಲ. ಅದನ್ನು ಕೇಳದೆ ಮನೆಗೆ ಕಳಿಸಬೇಡ." ಚಿಕ್ಕ ವಿಷಯಕ್ಕೆ ಇಷ್ಟು ಜಗ್ಗಾಟವೇ ಎಂದು ನನಗೆ ಬೇಸರ ಬರುತ್ತಿತ್ತು.

ಎರಡನೆಯ ದಿನ ಸಂಜೆ ಆಶಾ ಫೋನ್ ಮಾಡಿದಳು. ಆಶಾ ನಮ್ಮ ಕೇಂದ್ರದ ಕಿರಿಯ ಸಮಾಲೋಚಕಿ, ನಾನಿಲ್ಲದಾಗ ಗುಂಪು ನೋಡಿಕೊಳ್ಳುವವಳು.

"ಅಕ್ಕ, ಇವತ್ತು ಪ್ರೇಮ ಬರ್ಲಿಲ್ಲ. ಅತ್ತೆ ಅವಳನ್ನ ತವರಿಗೆ ಕಳಿಸಿಬಿಟ್ಟಿದಾರಂತೆ."

"ಯಾಕಂತೆ?"

"ಸರಿಯಾಗಿ ಯಾರೂ ಹೇಳ್ತಿಲ್ಲ. ಮನೆ ಬಾಗ್ಲಲ್ಲಿ ಏನೋ ಅಪಶಕುನ ಮಾಡಿದ್ಲಂತೆ. ಗಂಡನಿಗೆ ಕೇಡು ಬಯಸಿದ್ಲು ಅಂತಿದಾರೆ."

ನನಗೆ ಅರ್ಥವಾಗಲಿಲ್ಲ. ಪ್ರೇಮ ಯಾರಿಗೂ ಕೇಡು ಬಯಸುವವಳಲ್ಲ, ಬಯಸುವುದಿದ್ದರೆ ಅದು ತನಗೇ. ಅವಳ ಬಳಿ ಸ್ವಂತ ಫೋನಿರಲಿಲ್ಲ. ರಮೇಶನಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ. ಮರುದಿನವೇ ಅವಳ ತವರಿಗೆ ಹೋಗಿ ಮುಖ ನೋಡಿಕೊಂಡು ಬಾ, ಒಬ್ಬಳೇ ಇರಲು ಬಿಡಬೇಡಿ ಎಂದು ಅವಳ ತಾಯಿಗೆ ಹೇಳಿ ಬಾ ಎಂದು ಆಶಾಳಿಗೆ ಹೇಳಿದೆ. ಕೋಣೆಗೆ ಬಂದು ಕುಳಿತರೆ ಸ್ವೆಟರಿನಿಂದ ಕಾಫಿಯ ವಾಸನೆ ಬರುತ್ತಲೇ ಇತ್ತು.

ಬೋಗುಣಿ

ಮರುದಿನ ಪಾಠ ಮಾಡುವ ಸರದಿ ನನ್ನದು. ನಾನು ತಣ್ಣೀರಿನ ಕೌಶಲವನ್ನೇ ಆರಿಸಿಕೊಂಡೆ, ನನಗೆ ಅದು ಕರಗತ ಎಂಬ ಜಂಬದಲ್ಲಿ. ಮೇಜಿನ ಮೇಲೆ ಸ್ಟೀಲಿನ ಬೋಗುಣಿ, ಅದರಲ್ಲಿ ಗುಡ್ಡದ ಮೇಲಿನ ನೀರು. ಬೆರಳದ್ದಿದರೆ ಮೂಳೆಗೆ ತಾಗುವಷ್ಟು ತಣ್ಣಗಿತ್ತು. ಸೆಲ್ವಿ ಲೈನಿನ ಸೊಸೆಯಾಗಿ ನನ್ನೆದುರು ಕುಳಿತಳು. ವಿವರಿಸಿದೆ, ನಾನೇ ಮುಖ ಮುಳುಗಿಸಿ ತೋರಿಸಿದೆ, ಹೃದಯದ ಬಗ್ಗೆ ಕೇಳಿದೆ. ಮುಗಿಸಿ ಹೆಮ್ಮೆಯಿಂದ ಮುಖ ಒರೆಸಿಕೊಳ್ಳುವಾಗ ಮಾಲಿನಿ ಹಿಂದಿನಿಂದ, "ಇನ್ನು ಕೇಳು" ಎಂದರು.

"ಇದನ್ನ ಎಲ್ಲಿ ಮಾಡ್ತೀರಿ?" ಎಂದು ಸೆಲ್ವಿಯನ್ನು ಕೇಳಿದೆ.

"ನಲ್ಲಿ ಹೊರಗಿದೆ. ಅಲ್ಲೇ."

"ಯಾವ ಹೊತ್ತಲ್ಲಿ?"

"ಕೆಲಸದಿಂದ ಬಂದ ಮೇಲೆ. ಕತ್ತಲಾಗೋ ಹೊತ್ತು. ನನಗೆ ಕಷ್ಟ ಆಗೋದು ಆವಾಗ್ಲೇ."

"ಆವಾಗ ಯಾರಿರ್ತಾರೆ?"

"ಅತ್ತೆ ಬಾಗ್ಲಲ್ಲಿ ಕೂತಿರ್ತಾರೆ" ಎಂದಳು ಸೆಲ್ವಿ. ಆಮೇಲೆ ಸೊಸೆಯ ದನಿ ಬಿಟ್ಟು ತನ್ನ ದನಿಯಲ್ಲೇ ಹೇಳಿದಳು. "ಅಕ್ಕ, ಇದು ನಮ್ಮಲ್ಲಿ ಆಗೋದಿಲ್ಲ. ಮುಸ್ಸಂಜೇಲಿ ಹೆಂಗಸು ಹೊರಗೆ ನಿಂತು ತಣ್ಣೀರು ಹಾಕ್ಕೊಂಡು, ಒದ್ದೆ ತಲೇಲಿ ಬಾಗಿಲಿಗೆ ಬಂದ್ರೆ ಏನರ್ಥ? ಸಾವಿನ ಮನೆಯಿಂದ ಬಂದ್ಲು ಅಂತ. ಯಾರೂ ಸಾಯದೆ ಹಾಗೆ ಮಾಡಿದ್ರೆ, ಸಾಯ್ಲಿ ಅಂತ ಬಯಸಿದ್ಲು ಅಂತ."

ಮುಖದ ಮೇಲಿನ ನೀರು ಇನ್ನೂ ಆರಿರಲಿಲ್ಲ. ಆಶಾ ಹೇಳಿದ ಅಪಶಕುನ ಯಾವುದೆಂದು ಆಗ ಹೊಳೆಯಿತು. ಹೆಣ ಸುಟ್ಟು ಬಂದವರು ಅಂಗಳದಲ್ಲೇ ತಣ್ಣೀರು ಸುರಿದುಕೊಂಡು ಒಳಗೆ ಬರುವುದನ್ನು ವಸ್ತಾರೆಯ ಯಾವ ಮಗು ನೋಡಿಲ್ಲ? ನಾನೇ ಎಷ್ಟು ಸಲ ಹಾಗೆ ಸುರಿದುಕೊಂಡಿದ್ದೇನೆ. ಆದರೆ ಈ ಕೌಶಲವನ್ನು ನಾನು ಇಂಗ್ಲಿಷಿನಲ್ಲಿ ಕಲಿತಿದ್ದೆ, ಮೈಯ ಉಷ್ಣತೆ, ನರಮಂಡಲ ಎಂಬ ಮಾತುಗಳಲ್ಲಿ. ಆ ನೀರು ಬೇರೆ, ನಮ್ಮ ಅಂಗಳದ ನೀರು ಬೇರೆ ಎಂಬಂತೆ ಎರಡೂ ತಲೆಯೊಳಗೆ ಒಂದನ್ನೊಂದು ಮುಟ್ಟದೆ ಇದ್ದವು. ಹೃದಯದ ಕಾಯಿಲೆ ಇದೆಯಾ ಎಂದು ಕೇಳಿದ್ದೆ, ಬಾಗಿಲಲ್ಲಿ ಯಾರು ಕೂತಿರುತ್ತಾರೆ ಎಂದು ಕೇಳಿರಲಿಲ್ಲ.

ಅಲ್ಲೇ ಎಲ್ಲರ ಮುಂದೆ ಪ್ರೇಮಳ ವಿಷಯ ಹೇಳಿದೆ, ಅವಳ ಹೆಸರು ಹೇಳದೆ. ಮಾಲಿನಿ ಪಾಠ ನಿಲ್ಲಿಸಿ ಕುರ್ಚಿಗಳನ್ನು ಸುತ್ತ ಹಾಕಿಸಿದರು. ಈ ಪದ್ಧತಿಯಲ್ಲಿ ಚಿಕಿತ್ಸಕರೂ ವಾರಕ್ಕೊಮ್ಮೆ ಹೀಗೆ ಕೂತು ತಮ್ಮ ಕಷ್ಟ ಹೇಳಿಕೊಳ್ಳಬೇಕು. ನಾವೆಲ್ಲರೂ ತಪ್ಪು ಮಾಡುವವರು ಎಂಬುದು ಅಲ್ಲಿನ ಮೊದಲೇ ಆದ ಒಪ್ಪಂದಗಳಲ್ಲಿ ಒಂದು. ಮಾಲಿನಿ ಅದನ್ನು ನೆನಪಿಸಿದಾಗ ನನಗೆ ಸಿಟ್ಟೇ ಬಂತು. ಒಪ್ಪಂದ ನಮ್ಮ ನಮ್ಮೊಳಗಿನದು, ಅದಕ್ಕೆ ಪ್ರೇಮ ರುಜು ಹಾಕಿರಲಿಲ್ಲ.

ಸಂಜೆ ಆಶಾಳ ಫೋನು. ಪ್ರೇಮ ಇದ್ದಾಳೆ, ಮಾತಾಡುತ್ತಿಲ್ಲ, ತಾಯಿ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಾರೆ. ನಾನು ಗೋದಾಮಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸೆಲ್ವಿ ಪಕ್ಕದಲ್ಲಿ ಬಂದು ಕೂತಳು.

"ಆ ಅತ್ತೆಗೆ ಹೋಗಿ ಹೇಳ್ತೀರಾ, ನಾನೇ ಹೇಳಿಕೊಟ್ಟಿದ್ದು ಅಂತ?" ಎಂದು ಕೇಳಿದಳು.

"ಹೇಳ್ಬೇಕಲ್ಲ."

"ಹೇಳಿದ್ರೆ ಆ ಲೈನಿಂದ ಇನ್ನು ಯಾರನ್ನೂ ಕಳಿಸೋದಿಲ್ಲ. ನಂದೊಂದು ಲೈನ್ ಹೀಗೇ ಕೈತಪ್ಪಿಹೋಯ್ತು. ಹೇಳದಿದ್ರೆ ಆ ಹುಡುಗಿ ಗಂಡನ್ನ ತಿನ್ನೋಕೆ ಹೊರಟವಳಾಗಿ ಉಳೀತಾಳೆ."

ಎರಡರಲ್ಲಿ ಯಾವುದು ಸರಿ ಎಂದು ಅವಳು ಹೇಳಲಿಲ್ಲ. ಟೀ ಗುಡ್ಡದ ಮೇಲೆ ಲೈನುಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಕೆಲಸದಿಂದ ಬಂದ ಹೆಂಗಸರಿಗೆ ಕಷ್ಟ ಆಗುವ ಹೊತ್ತು. ತರಬೇತಿ ಮುಗಿದ ದಿನ ನನಗೂ ಪ್ರಮಾಣಪತ್ರ ಕೊಟ್ಟರು, ಚಪ್ಪಾಳೆಯೂ ಆಯಿತು.

ಕಳಸ

ಮನೆಗೆ ಬಂದ ಮರುದಿನ ಪ್ರೇಮಳ ತವರಾದ ಕಳಸಕ್ಕೆ ಹೋದೆ. ಅವಳ ತಾಯಿ ಪಕ್ಕದ ಹೊರನಾಡಿನ ಒಂದು ವಸತಿಗೃಹದಲ್ಲಿ ಕೋಣೆ ಗುಡಿಸುತ್ತಾರೆ. ಪ್ರೇಮಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು, ನಾನೂ ಅಲ್ಲಿಗೇ ಹೋದೆ. ಯಾತ್ರಿಕರು ಖಾಲಿ ಮಾಡಿಹೋದ ಕೋಣೆಗಳ ಹಾಸಿಗೆ ಬಟ್ಟೆಗಳು ತಾರಸಿಯ ಮೇಲೆ ಒಣಗುತ್ತಿದ್ದವು. ಪ್ರೇಮ ಅವುಗಳನ್ನು ಮಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕಣ್ಣು ಮಾತ್ರ ಎತ್ತಲಿಲ್ಲ. ಅವಳ ಕೈ ನೋಡಿದೆ. ಹೊಸ ಗಾಯ ಇರಲಿಲ್ಲ.

ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಮಡಿಸುತ್ತ ಮಡಿಸುತ್ತ ಅವಳೇ ಹೇಳಿದಳು.

"ಅವತ್ತು ಮತ್ತೆ ಸಾಯೋ ಯೋಚ್ನೆ ಬಂತು ಮೇಡಂ. ನೀವು ಹೇಳಿದ್ದು ನೆನಪಾಯ್ತು. ಅಗಲದ ಪಾತ್ರೆ ನಮ್ಮಲ್ಲಿರೋದೇ ಒಂದು, ಅತ್ತೆ ಅದ್ರಲ್ಲಿ ಹಿಟ್ಟು ನಾದಿ ಇಟ್ಟಿದ್ರು. ಅದ್ಕೆ ನಲ್ಲಿ ಹತ್ರ ಹೋಗಿ ಬಿಂದಿಗೆ ನೀರನ್ನ ತಲೆ ಮೇಲೇ ಸುರ್ಕೊಂಡೆ."

"ಆಮೇಲೆ?"

"ಉರಿ ಇಳೀತು. ನಿಜವಾಗ್ಲೂ ಇಳೀತು ಮೇಡಂ. ಇವತ್ತಿಗೆ ಗೆದ್ದೆ ಅನ್ಕೊಂಡು ಬಾಗಿಲಿಗೆ ಬಂದೆ. ಅತ್ತೆ ನನ್ನ ನೋಡಿ, ಯಾರು ಹೋದ್ರು ಅಂತ ಕೇಳಿದ್ರು."

ರಮೇಶ ಆ ಹೊತ್ತಿಗೆ ಮೆಣಸಿನ ಚೀಲ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದ. ಗಿರಿಜಮ್ಮ ಮಗನಿಗೇ ಏನೋ ಆಗಿದೆ, ಇವಳಿಗೆ ಸುದ್ದಿ ಬಂದಿದೆ ಎಂದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂಗಿಕೊಂಡರು. ಲೈನಿಗೆ ಲೈನೇ ಸೇರಿತು. ಯಾರೂ ಹೋಗಿಲ್ಲ ಎಂದು ಪ್ರೇಮ ಹೇಳಿದಾಗ, ಹಾಗಾದರೆ ಯಾಕೆ ಹಾಕಿಕೊಂಡೆ ಎಂದು ಎಲ್ಲರೂ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ರಮೇಶ ಸುಖವಾಗಿ ಮನೆಗೆ ಬಂದ ಮೇಲೂ ಗಿರಿಜಮ್ಮನ ನಡುಕ ನಿಂತಿರಲಿಲ್ಲವಂತೆ.

"ನಾನು ಹೇಳಿಕೊಟ್ಟಿದ್ದು ಅನ್ನಬಹುದಿತ್ತಲ್ಲ ಪ್ರೇಮ."

"ನಿಮ್ಮ ಹೆಸ್ರು ಹೇಳಿದ್ರೆ ಉಳಿದೋರ್ನ ಕಳಿಸ್ತಿರ್ಲಿಲ್ಲ. ಪಕ್ಕದ್ಮನೆ ಸರೋಜಕ್ಕ ಕ್ಲಾಸಿಗೆ ಬಂದ್ಮೇಲೆ ಈಗೀಗ ನಿದ್ದೆ ಮಾಡ್ತಿದಾರೆ. ಅವ್ರಿಗೆ ಕ್ಲಾಸ್ ಇನ್ನೂ ಬೇಕು."

ನನ್ನ ಕೈಯಲ್ಲಿದ್ದ ಬಟ್ಟೆಯ ತುದಿ ಜಾರಿತು. ಅವಳು ಎತ್ತಿಕೊಟ್ಟಳು. ವಾಪಸ್ ಹೋಗುವ ಆಸೆ ಇದೆಯಾ ಎಂದು ಕೇಳಿದೆ. "ಇವರು ಅಮ್ಮನ ಫೋನಿಗೆ ಮಾಡಿ ಅಳ್ತಾರೆ. ಕರ್ಕೊಂಡು ಹೋಗೋ ಧೈರ್ಯ ಇಲ್ಲ. ನಂಗೆ ನನ್ನ ಮನೆ ಬೇಕು ಮೇಡಂ" ಎಂದಳು.

"ಹಾಗಾದ್ರೆ ನಾನು ಅತ್ತೆ ಹತ್ರ ಮಾತಾಡ್ಲಾ? ನಿನ್ನ ಗುಟ್ಟು ಹೇಳ್ಬೇಕಾಗುತ್ತೆ. ಸಾಯೋ ಯೋಚ್ನೆ ಬಂದಿದ್ದೂ ಹೇಳ್ಬೇಕಾಗುತ್ತೆ. ಬೇಡ ಅಂದ್ರೆ ಹೇಳಲ್ಲ."

ಅವಳು ಕೈಲಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿ, ಅಂಚು ಸರಿಮಾಡಿ ರಾಶಿಯ ಮೇಲಿಟ್ಟಳು. "ಎಲ್ಲಾನೂ ಹೇಳಿ. ಅವ್ರು ಕೆಟ್ಟೋರಲ್ಲ" ಎಂದಳು. ಇದನ್ನು ಬರೆಯುವಾಗಲೂ ಅವಳನ್ನು ಕೇಳಿದೆ, ಬರೆಯಿರಿ ಎಂದಳು.

ಬಾಳೂರು

ಎಸ್ಟೇಟಿನ ಗೇಟಿನಿಂದ ಲೈನಿನವರೆಗೆ ಏರುದಾರಿ. ಕಾಫಿ ಕೊಯ್ಲು ಮುಗಿದು ಗಿಡಗಳು ಬೋಳಾಗಿದ್ದವು, ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿಬೀಜ, ಒಣಗುತ್ತಿತ್ತು. ದಾರಿಯುದ್ದಕ್ಕೂ ಸೆಲ್ವಿಯ ಮಾತು ತಲೆಯಲ್ಲಿ. ಸರೋಜಳ ನಿದ್ದೆಯೋ ಪ್ರೇಮಳ ಮನೆಯೋ ಎಂದು ತೂಗುವ ಹಕ್ಕು ನನಗೆ ಯಾರು ಕೊಟ್ಟರು ಎಂದುಕೊಳ್ಳುತ್ತಲೇ ಹತ್ತಿದೆ. ಹೇಳದೆ ತಿರುಗಿ ಹೋಗಬಹುದು, ಯಾರೂ ನನ್ನನ್ನು ಕೇಳುವವರಿಲ್ಲ ಎಂಬುದೂ ಒಂದು ತಿರುವಿನಲ್ಲಿ ಹೊಳೆಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಗಿರಿಜಮ್ಮ ಬಾಗಿಲಲ್ಲೇ ಇದ್ದರು. "ಬನ್ನಿ ಮೇಡಂ, ಯಾವಾಗ ಬಂದ್ರಿ ಆ ಊರಿಂದ" ಎಂದು ಮಣೆ ಹಾಕಿದರು. ಸಣ್ಣ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟರು. ನಾನು ಕುಡಿಯದೆ ಕೆಳಗಿಟ್ಟೆ.

"ಗಿರಿಜಮ್ಮ, ಅವತ್ತು ಪ್ರೇಮ ತಣ್ಣೀರು ಹಾಕ್ಕೊಂಡಿದ್ದು ನಾನು ಹೇಳಿಕೊಟ್ಟಿದ್ದಕ್ಕೆ. ಅವಳು ನನ್ನ ಮಾತು ನಡೆಸಿದ್ಲು ಅಷ್ಟೆ. ತಪ್ಪು ನಂದು."

ಅವರು ನನ್ನನ್ನೇ ನೋಡಿದರು. ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ.

"ನನ್ನ ಮಗ ಸಾಯ್ಲಿ ಅಂತ ಹಾಕ್ಕೊಂಡಿದ್ದಲ್ವಾ?"

"ಅಲ್ಲ. ತಾನು ಸಾಯ್ಬಾರ್ದು ಅಂತ ಹಾಕ್ಕೊಂಡಿದ್ದು."

ಪಕ್ಕದ ಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು, ಆಚೆಯ ಮನೆಯವರೂ ಕೇಳಿಸಿಕೊಂಡಿರಬೇಕು. ಲೈನಿನ ಗೋಡೆಗಳಿಗೆ ಅಷ್ಟು ದಪ್ಪವಿಲ್ಲ. ಗಿರಿಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ನಾನು ನಂಬ್ತೀನಿ ಮೇಡಂ. ಆದ್ರೆ ಅವಳು ಇಲ್ಲಿಗೆ ಬರೋದು ಬೇಡ. ಲೈನೆಲ್ಲ ನೋಡಿದೆ, ನಾನು ಕೂಗಿದ್ದನ್ನ ಎಲ್ರೂ ಕೇಳಿದಾರೆ. ನಾಳೆ ನನ್ನ ಮಗನಿಗೆ ಒಂದು ಜ್ವರ ಬಂದ್ರೂ ಅವಳ ಮುಖನೇ ನೋಡ್ತಾರೆ. ಅಲ್ಲೇ ಇರ್ಲಿ, ಬದುಕಿರ್ಲಿ." ಲೋಟವನ್ನು ನನ್ನ ಕಡೆ ಸರಿಸಿ, "ನಿಮ್ಮ ಕ್ಲಾಸಿಗೂ ಇಲ್ಲಿಂದ ಇನ್ನು ಯಾರೂ ಬರಲ್ಲ. ಬೇಜಾರು ಮಾಡ್ಕೋಬೇಡಿ" ಎಂದರು.

ಸರೋಜ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ರಮೇಶನಾದರೂ ಹೆಂಡತಿಯನ್ನು ನೋಡಲು ಆಗಾಗ ಕಳಸಕ್ಕೆ ಹೋಗಿ ಬರಲಿ ಎಂದೆ. ಗಿರಿಜಮ್ಮ ಆಗಲಿ ಎಂದರು, ಅದು ಎಷ್ಟು ನಿಜವೋ ತಿಳಿಯಲಿಲ್ಲ. ಆರಿದ ಕಾಫಿ ಕುಡಿದು ಎದ್ದೆ.

ಇಳಿಜಾರಿನ ತುದಿ ತಲುಪುವಷ್ಟರಲ್ಲಿ ಹಿಂದಿನಿಂದ ಕರೆದರು. ಗಿರಿಜಮ್ಮ ಬರಿಗಾಲಿನಲ್ಲಿ ಇಳಿದು ಬರುತ್ತಿದ್ದರು. ಹತ್ತಿರ ಬಂದು, ಏದುಸಿರು ಬಿಡುತ್ತ, ನನ್ನ ಕೈ ಹಿಡಿದುಕೊಂಡರು.

"ಅಷ್ಟು ಉರೀತಿತ್ತು ಅಂದ್ರೆ ನಂಗೆ ಹೇಳೋದಲ್ವಾ ಮೇಡಂ. ನಾನು ಬಾಗ್ಲಲ್ಲೇ ಇದ್ದೆ. ಒಲೆ ಮೇಲೆ ನೀರು ಕಾಯ್ತಾ ಇತ್ತು. ಹದ ಮಾಡಿ ನಾನೇ ತಲೆಗೆ ಹಾಕ್ತಿದ್ದೆ."

ಬಿಸಿನೀರು ಅದಕ್ಕೆ ಆಗುವುದಿಲ್ಲ ಎಂದು ಅವರಿಗೆ ಯಾವ ಬಾಯಿಂದ ಹೇಳಲಿ. ಪ್ರೇಮಳಿಗೆ ತಿಳಿಸುತ್ತೇನೆ ಎಂದಷ್ಟೇ ಹೇಳಿ ಗೇಟಿನ ಕಡೆ ನಡೆದೆ.